ಟ್ಯಾಬ್ ತಗೊಳ್ಳುವ ಮುಂಚೆ: 14 ಸಾವಿರದ್ದೋ, 35 ಸಾವಿರದ್ದೋ?

ಮೊದಲೇ ಹೇಳಿಬಿಡುತ್ತೇನೆ, ಪೂರ್ತಿ ಓದೋಕೆ ಪುರುಸೊತ್ತಿಲ್ಲದವರು ಈ ಪ್ಯಾರಾ ಓದಿ ಹೊರಡಬಹುದು. ಮನೆಯಲ್ಲಿ ಯೂಟ್ಯೂಬ್, ಸೀರಿಯಲ್, ವಿಡಿಯೋ ಕಾಲ್, ಮಕ್ಕಳ ಹೋಂವರ್ಕ್ ಇಷ್ಟಕ್ಕೇ ಆದರೆ 14ರಿಂದ 20 ಸಾವಿರದೊಳಗಿನ ಆಂಡ್ರಾಯ್ಡ್ ಟ್ಯಾಬ್ ಧಾರಾಳ ಸಾಕು. ದಿನಾ ಗಂಟೆಗಟ್ಟಲೆ ಪಿಡಿಎಫ್ ಓದಿ ಅದರ ಮೇಲೇ ಗೆರೆ ಎಳೆದು ಬರೆಯುವವರು 30-35 ಸಾವಿರದ ಹತ್ತಿರ ಹೋಗಲೇಬೇಕು. 10 ಸಾವಿರದ ಕೆಳಗೆ ಹೊಸದು ಬೇಡ. 45 ಸಾವಿರ ದಾಟಿತು, ನೀವು ಚಿತ್ರ ಬಿಡಿಸುವವರೂ ಅಲ್ಲ, ವಿಡಿಯೋ ಎಡಿಟ್ ಮಾಡುವವರೂ ಅಲ್ಲ ಅಂದರೆ ಆ ದುಡ್ಡಿಗೆ ಲ್ಯಾಪ್‌ಟಾಪ್ ನೋಡಿ.

ಇನ್ನು ಯಾಕೆ ಅಂತ.

ಟ್ಯಾಬ್ ವಿಷಯದಲ್ಲಿ ಜನ ಎಡವುವುದು ಬಾಕ್ಸ್ ಮೇಲಿನ ಬೆಲೆ ನೋಡಿ. ಫೋನಿಗೆ ಆ ಬೆಲೆ ಹೆಚ್ಚುಕಮ್ಮಿ ಪೂರ್ತಿ ಬೆಲೆ, ಒಂದು ಕವರ್ ಹಾಕಿದರೆ ಮುಗಿಯಿತು. ಟ್ಯಾಬಿಗೆ ಹಾಗಲ್ಲ. ಪೆನ್ನು ಬೇರೆ, ಕೀಬೋರ್ಡ್ ಬೇರೆ, ಸಿಮ್ ಇರುವ ಮಾದರಿಗೆ ಬೇರೆ ಬೆಲೆ, ಕೆಲವರ ಬಾಕ್ಸಿನಲ್ಲಿ ಚಾರ್ಜರ್ ಕೂಡ ಇರುವುದಿಲ್ಲ. ಇವೆಲ್ಲಾ ಕೂಡಿಸಿ, ಆಮೇಲೆ ಆ ಟ್ಯಾಬ್ ಅಪ್‌ಡೇಟ್ ಪಡೆಯುತ್ತಾ ಎಷ್ಟು ವರ್ಷ ಚೆನ್ನಾಗಿ ನಡೆಯುತ್ತದೆ ಅನ್ನುವುದರಿಂದ ಭಾಗಿಸಿ. ಬರುವ ಉತ್ತರವೇ ನಿಜವಾದ ಬೆಲೆ.

ಲೆಕ್ಕ ಹಾಕಿಯೇ ನೋಡೋಣ. ಇಲ್ಲಿ ಹೇಳುವುದೆಲ್ಲಾ ಬಿಡುಗಡೆಯಾದಾಗಿನ ಬೆಲೆ, ನೀವು ಕೊಳ್ಳುವ ಹೊತ್ತಿಗೆ ಏರಿರಬಹುದು, ಇಳಿದಿರಬಹುದು. ರೆಡ್ಮಿ ಪ್ಯಾಡ್ 2 ಬಂದಿದ್ದು 2025ರಲ್ಲಿ, 4ಜಿಬಿ ರ‍್ಯಾಮ್, 128ಜಿಬಿ ಸ್ಟೋರೇಜ್ ಇರುವ ವೈಫೈ ಮಾದರಿಗೆ 13,999 ರೂ. ಕವರ್, ಟೆಂಪರ್ಡ್ ಗ್ಲಾಸ್ ಸೇರಿ 15 ಸಾವಿರ ಅಂತಿಟ್ಟುಕೊಳ್ಳಿ. ಮೂರು ವರ್ಷ ಚೆನ್ನಾಗಿ ನಡೆದರೆ ವರ್ಷಕ್ಕೆ 5 ಸಾವಿರ. ಅದೇ ವರ್ಷ ಬಂದ, ಆ್ಯಪಲ್ ಕಂಪನಿಯ ಎ16 ಚಿಪ್ಪಿನ ಸಾದಾ (ಅಂದರೆ ಏರ್, ಪ್ರೋ ಅಲ್ಲದ) ಐಪ್ಯಾಡ್, 128ಜಿಬಿ ವೈಫೈ, 34,900 ರೂ. ಒಳ್ಳೆಯ ಕವರ್ ಹಾಕಿದರೆ 36 ಸಾವಿರ. ಐಪ್ಯಾಡಿಗೆ ಎಷ್ಟು ವರ್ಷ ಅಂತ ಹೇಗೆ ಹೇಳೋದು? ಹಳೇದನ್ನು ನೋಡಿ ಹೇಳಬಹುದು: 2019ರಲ್ಲಿ ಬಂದ ಏಳನೇ ತಲೆಮಾರಿನ ಸಾದಾ ಐಪ್ಯಾಡಿಗೆ ಐಪ್ಯಾಡ್‌ಓಎಸ್ (ಐಪ್ಯಾಡ್ ನಡೆಸುವ ತಂತ್ರಾಂಶ) 18ರ ತನಕ ಅಪ್‌ಡೇಟ್ ಬಂತು, ಅದರ ಬೆನ್ನಿಗೇ 2025ರಲ್ಲಿ 26 ಅನ್ನುವ ಅಂಕಿಯಲ್ಲಿ ಬಂದ ಆವೃತ್ತಿಯಲ್ಲಿ ಅದನ್ನು ಕೈಬಿಟ್ಟರು. ಅಂದರೆ ಆರು ವರ್ಷ. 36 ಸಾವಿರವನ್ನು ಆರರಿಂದ ಭಾಗಿಸಿದರೆ ವರ್ಷಕ್ಕೆ 6 ಸಾವಿರ.

ನೋಡಿದಿರಾ? ಅಂಗಡಿಯಲ್ಲಿ ಎರಡೂವರೆ ಪಟ್ಟು ವ್ಯತ್ಯಾಸ ಕಾಣುತ್ತಿತ್ತು, ವರ್ಷದ ಲೆಕ್ಕಕ್ಕೆ ಬಂದಾಗ ಸಾವಿರ ರೂಪಾಯಿಗೆ ಇಳಿಯಿತು. ಆರು ವರ್ಷ ಆದ ಮೇಲೂ ಐಪ್ಯಾಡನ್ನು ಮಾರಿದರೆ ಏನಾದರೂ ಹುಟ್ಟುತ್ತದೆ, ಅಗ್ಗದ ಆಂಡ್ರಾಯ್ಡ್ ಟ್ಯಾಬನ್ನು ಮೂರು ವರ್ಷ ಬಿಟ್ಟು ಕೇಳುವವರು ಕಡಿಮೆ.

ಹಾಗಂತ ಎಲ್ಲರೂ ಐಪ್ಯಾಡ್ ತಗೊಳ್ಳಿ ಅಂತಲ್ಲ. ಈ ಲೆಕ್ಕದಲ್ಲಿ ಒಂದು ಶರತ್ತಿದೆ, ಆರು ವರ್ಷ ಅದು ಒಡೆಯದೆ ಉಳಿಯಬೇಕು. ಐದು ವರ್ಷದ ಮಗು ಇರುವ ಮನೆಯಲ್ಲಿ ಆ ಗ್ಯಾರಂಟಿ ಯಾರು ಕೊಡುತ್ತಾರೆ? ಸೋಫಾ ಮೇಲಿಂದ ನೆಲಕ್ಕೆ ಬೀಳೋದು ಇದ್ದಿದ್ದೇ. ಅಂಥ ಮನೆಗೆ 14 ಸಾವಿರದ ಟ್ಯಾಬೇ ಜಾಣತನ. ಬಿದ್ದರೂ ಹೊಟ್ಟೆ ಉರಿಯೋದು ಕಡಿಮೆ.

ಈಗ ಪೆನ್ನು ಸೇರಿಸಿ, ಆಗ ಪೂರ್ತಿ ಲೆಕ್ಕ ಬದಲಾಗುತ್ತದೆ. ಆ್ಯಪಲ್‌ನ ಟೈಪ್-ಸಿ ಪೆನ್ಸಿಲ್ಲಿಗೆ 7,900 ರೂ. ಅಷ್ಟು ಕೊಟ್ಟರೂ ಅದರಲ್ಲಿ ಒತ್ತಡ ಗುರುತಿಸುವ ಗುಣ ಇಲ್ಲ, ಅಂದರೆ ಒತ್ತಿ ಬರೆದರೆ ಗೆರೆ ದಪ್ಪ ಆಗುವುದಿಲ್ಲ. ನೋಟ್ಸ್ ಬರೆಯೋಕೆ ಅಡ್ಡಿಯಿಲ್ಲ, ಚಿತ್ರ ಬರೆಯುವವರಿಗೆ ಅದು ದೊಡ್ಡ ಕೊರತೆ. ಒತ್ತಡ ಬೇಕು ಅಂದರೆ ಹಳೇ ಮೊದಲ ತಲೆಮಾರಿನ ಪೆನ್ಸಿಲ್ಲೇ ಗತಿ, ಅದನ್ನು ಚಾರ್ಜ್ ಮಾಡೋಕೆ ಒಂದು ಅಡಾಪ್ಟರ್ ಇಟ್ಟುಕೊಂಡು ಒದ್ದಾಡಬೇಕು. ಪೆನ್ಸಿಲ್ ಪ್ರೋ ಚೆನ್ನಾಗಿದೆ, 11,900 ರೂ., ಆದರೆ ಸಾದಾ ಐಪ್ಯಾಡಿಗೆ ಅದು ಹೊಂದುವುದೇ ಇಲ್ಲ.

ಸ್ಯಾಮ್‌ಸಂಗ್ ಇಲ್ಲಿ ಗೆಲ್ಲುತ್ತದೆ. ಎಸ್ ಸರಣಿಯ ಟ್ಯಾಬುಗಳ ಬಾಕ್ಸಿನಲ್ಲೇ ಎಸ್ ಪೆನ್ ಬರುತ್ತದೆ. ಬರೆಯೋಕೆ ಆ ಪೆನ್ನಿಗೆ ಚಾರ್ಜೇ ಬೇಡ, ಪರದೆಯಿಂದಲೇ ಅದಕ್ಕೆ ಬೇಕಾದ ಶಕ್ತಿ ಸಿಗುತ್ತದೆ. ಒತ್ತಡವನ್ನೂ ಗುರುತಿಸುತ್ತದೆ. ಟ್ಯಾಬ್ ಎಸ್10 ಲೈಟ್ 30,999 ರೂ.ಗೆ ಬಂತು, ಎಸ್10 ಎಫ್‌ಇ 42,999 ರೂ.ಗೆ. ಎರಡಕ್ಕೂ ಪೆನ್ ಸೇರಿದೆ. ಎಫ್‌ಇಗೆ ನೀರು-ಧೂಳು ತಡೆಯುವ ಐಪಿ68 ಕೂಡ ಇದೆ. ಈಗ ಐಪ್ಯಾಡ್ ಜೊತೆ ಹೋಲಿಸಿ: 34,900ಕ್ಕೆ ಪೆನ್ಸಿಲ್ಲಿನ 7,900 ಸೇರಿಸಿದರೆ 42,800. ಎಸ್10 ಲೈಟಿಗೆ 30,999. ಸುಮಾರು 12 ಸಾವಿರ ಉಳಿತಾಯ, ಪೆನ್ನೂ ಉತ್ತಮ. ಕೆಎಎಸ್, ಪಿಡಿಒ, ಎಫ್‌ಡಿಎ ಅಂತ ಪರೀಕ್ಷೆಗೆ ಓದುತ್ತಿರುವವರು ಕೇಳಿದರೆ ನಾನು ಕಣ್ಣು ಮುಚ್ಚಿ ಹೇಳುವುದು ಇದನ್ನೇ. ಸ್ಯಾಮ್‌ಸಂಗ್ ನೋಟ್ಸ್ ಆ್ಯಪ್ ಪುಕ್ಕಟೆ, ಪಿಡಿಎಫ್ ಹಾಕಿಕೊಂಡು ಅದರ ಮೇಲೇ ಬರೆಯಬಹುದು. ಐಪ್ಯಾಡೇ ಬೇಕು ಅನ್ನುವವರಿಗೆ ಬೇರೆ ಕಂಪನಿಗಳ ಪೆನ್ಸಿಲ್ಲು ಆ್ಯಪಲ್ಲಿನದಕ್ಕಿಂತ ಎಷ್ಟೋ ಕಡಿಮೆಗೆ ಸಿಗುತ್ತದೆ. ಬರೆಯುವಾಗ ಅಂಗೈ ಪರದೆಗೆ ತಾಗಿದರೂ ಗೆರೆ ಬೀಳಬಾರದು, ಅದನ್ನು ಪಾಮ್ ರಿಜೆಕ್ಷನ್ ಅಂತಾರೆ, ಅದು ಇದೆಯಾ ನೋಡಿ ತಗೊಳ್ಳಿ.

ಪರದೆಯ ವಿಷಯಕ್ಕೆ ಬಂದರೆ ಇಂಚು ಒಂದನ್ನೇ ನೋಡಿ ಮೋಸ ಹೋಗುವವರೇ ಜಾಸ್ತಿ. ನಮ್ಮ ಪ್ರಶ್ನೆಪತ್ರಿಕೆ, ನೋಟ್ಸ್, ಸರ್ಕಾರಿ ಆದೇಶ ಎಲ್ಲಾ ಎ4 ಪುಟದಲ್ಲೇ ಇರುತ್ತವೆ ಅಲ್ವಾ? ಎ4 ಅಂದರೆ 210 ಮಿಲಿಮೀಟರ್ ಅಗಲ, 297 ಉದ್ದ. 11 ಇಂಚಿನ ಆಂಡ್ರಾಯ್ಡ್ ಟ್ಯಾಬುಗಳಲ್ಲಿ ಬಹಳಷ್ಟಕ್ಕೆ 16:10 ಅಳತೆಯ ಪರದೆ, ಅಂದರೆ ಉದ್ದ 16 ಪಾಲಾದರೆ ಅಗಲ 10 ಪಾಲು. ಅದನ್ನು ನೆಟ್ಟಗೆ ಹಿಡಿದರೆ ಅಗಲ 148 ಮಿಲಿಮೀಟರ್. ಎ4 ಪುಟ ಅದರಲ್ಲಿ ಸರಿಯಾಗಿ ಎ5 ಗಾತ್ರಕ್ಕೆ ಇಳಿಯುತ್ತದೆ, ಅಂದರೆ ಹಾಳೆಯನ್ನು ಅರ್ಧ ಮಡಚಿದಷ್ಟು. ಮೇಲೆ ಕೆಳಗೆ ಜಾಗ ಸುಮ್ನೆ ಖಾಲಿ ಉಳಿಯುತ್ತದೆ. ಐಪ್ಯಾಡಿನ ಪರದೆ ಅಳತೆಗೆ ಅದಕ್ಕಿಂತ ಕೂದಲೆಳೆ ಚಿಕ್ಕದೇ, ಆದರೆ ಆಕಾರ ಅಗಲ. ನೆಟ್ಟಗೆ ಹಿಡಿದರೆ ಸುಮಾರು 158 ಮಿಲಿಮೀಟರ್, ಎ4 ಪುಟ ಹೆಚ್ಚುಕಮ್ಮಿ ಪರದೆ ತುಂಬಾ ಕೂರುತ್ತದೆ. ಸಿನಿಮಾ ನೋಡುವಾಗ ಇದೇ ತಿರುಗಾಮುರುಗಾ: ಐಪ್ಯಾಡಿನಲ್ಲಿ ಮೇಲೆ ಕೆಳಗೆ ಕಪ್ಪು ಪಟ್ಟಿ, 16:10 ಪರದೆಯಲ್ಲಿ ಚಿತ್ರ ದೊಡ್ಡದು. ಹಾಗಾಗಿ ಓದೋದು ಜಾಸ್ತಿನಾ, ನೋಡೋದು ಜಾಸ್ತಿನಾ ಅಂತ ನಿಮ್ಮನ್ನು ನೀವೇ ಕೇಳಿಕೊಳ್ಳಿ. ಶಿಯೋಮಿ ಪ್ಯಾಡ್ 7ರ ಪರದೆ 3:2, ಎರಡಕ್ಕೂ ಮಧ್ಯದ ದಾರಿ.

ಕನ್ನಡ ಓದುವವರಿಗೆ ಇನ್ನೊಂದು ಮಾತು. ಇಂಗ್ಲಿಷ್ ಅಕ್ಷರ ಚಿಕ್ಕದಾದರೂ ಹೇಗೋ ಓದಬಹುದು. ನಮ್ಮದರಲ್ಲಿ ಒತ್ತಕ್ಷರ ಇವೆಯಲ್ಲ, 'ತ್ರ'ದ ಕೆಳಗಿನ ರ ಒತ್ತು, 'ಕ್ಷ್ಮ'ದ ಒತ್ತು, ಸ್ಕ್ಯಾನ್ ಮಾಡಿದ ಹಳೇ ಪುಸ್ತಕದಲ್ಲಿ ಇವು ಮೊದಲೇ ಮಸುಕು. ಅದು ಮತ್ತೆ ಚಿಕ್ಕದಾದರೆ ಮುಗಿಯಿತು. ಅದಕ್ಕೇ ರೆಸಲ್ಯೂಷನ್, ಅಂದರೆ ಪರದೆಯಲ್ಲಿ ಎಷ್ಟು ಚುಕ್ಕೆ ಇವೆ ಅಂತ ನೋಡಬೇಕು. ಸ್ಯಾಮ್‌ಸಂಗ್ ಟ್ಯಾಬ್ ಎ9 ಪ್ಲಸ್ 11 ಇಂಚಿನದು, 1920x1200, ಇಂಚಿಗೆ ಸುಮಾರು 206 ಚುಕ್ಕೆ. ರೆಡ್ಮಿ ಪ್ಯಾಡ್ 2 ಅಷ್ಟೇ ದೊಡ್ಡದು, 2560x1600, ಸುಮಾರು 274 ಚುಕ್ಕೆ. ಐಪ್ಯಾಡ್ 264. ತಮಾಷೆ ನೋಡಿ, ಮೂರರಲ್ಲಿ ಅಗ್ಗದ ರೆಡ್ಮಿಗೇ ಹೆಚ್ಚು ಚುಕ್ಕೆ. ಕಾಸಿಗೆ ತಕ್ಕ ಕಜ್ಜಾಯ ಅನ್ನುವ ಮಾತು ಟ್ಯಾಬಿನ ಲೋಕದಲ್ಲಿ ಪ್ರತಿ ಸಲ ನಿಜ ಆಗುವುದಿಲ್ಲ. 8.7 ಇಂಚಿನ ಚಿಕ್ಕ ಟ್ಯಾಬುಗಳು ಬಸ್ಸಲ್ಲಿ ಹಿಡಿದುಕೊಳ್ಳೋಕೆ ಚೆಂದ, 330 ಗ್ರಾಮಿನ ಆಸುಪಾಸು ತೂಗುತ್ತವೆ, 11 ಇಂಚಿನವು 500 ಗ್ರಾಮಿನ ಆಸುಪಾಸು ಇರುತ್ತವೆ. ಆದರೆ ಎ4 ಪಿಡಿಎಫ್ ಓದೋಕೆ ಆ ಚಿಕ್ಕ ಟ್ಯಾಬ್ ತಗೊಳ್ಳಬೇಡಿ, ಇಡೀ ದಿನ ಬೆರಳಲ್ಲಿ ಹಿಗ್ಗಿಸಿ ಎಳೆದಾಡುವುದೇ ಕೆಲಸ ಆಗುತ್ತದೆ.

ಕನ್ನಡ ಟೈಪ್ ಮಾಡೋದಕ್ಕೆ ಎಲ್ಲೂ ತೊಂದರೆ ಇಲ್ಲ. ಆಂಡ್ರಾಯ್ಡ್, ಐಪ್ಯಾಡ್ ಎರಡೂ ಕಡೆ ಕನ್ನಡ ಕೀಬೋರ್ಡ್ ಇದೆ, ಗೂಗಲ್ಲಿನ ಜಿಬೋರ್ಡ್ ಅನ್ನುವ ಕೀಬೋರ್ಡ್ ಆ್ಯಪ್ ಹಾಕಿಕೊಂಡರೆ ಕನ್ನಡದಲ್ಲಿ ಮಾತಾಡಿ ಬರೆಸಬಹುದು. ವಯಸ್ಸಾದವರಿಗೆ ಇದನ್ನು ಒಂದು ಸಲ ತೋರಿಸಿಕೊಡಿ, ಆಮೇಲೆ ವಾಟ್ಸ್ಆ್ಯಪಿನಲ್ಲಿ ನಿಮಗೇ ಉತ್ತರ ಬರೆದು ಪೂರೈಸುವುದಿಲ್ಲ.

ಅಗ್ಗದ ಟ್ಯಾಬುಗಳ ಜಾಹೀರಾತಿನಲ್ಲಿ ಬರುವ ಕೆಲವು ಕಣ್ಕಟ್ಟು ಹೇಳಲೇಬೇಕು. '16ಜಿಬಿ ರ‍್ಯಾಮ್' ಅಂತ ದೊಡ್ಡದಾಗಿ ಬರೆದು ಪಕ್ಕದಲ್ಲಿ ಚಿಕ್ಕ ಅಕ್ಷರದಲ್ಲಿ '8+8' ಅಂತ ಇದ್ದರೆ ನಿಜವಾದ ರ‍್ಯಾಮ್ 8 ಮಾತ್ರ. ಉಳಿದ 8 ಸ್ಟೋರೇಜಿನಲ್ಲಿ ಒಂದು ತುಂಡನ್ನು ರ‍್ಯಾಮ್ ಥರ ಬಳಸುವುದು, ಅದು ನಿಜವಾದ ರ‍್ಯಾಮಿನ ವೇಗದ ಹತ್ತಿರಕ್ಕೂ ಬರುವುದಿಲ್ಲ. ಹೆಸರೇ ಕೇಳದ ಬ್ರ್ಯಾಂಡಿನವು ಆರೇಳು ಸಾವಿರಕ್ಕೆ ಇಂಥದ್ದನ್ನೇ ಮಾರುತ್ತವೆ. ಸ್ಟೋರೇಜಿನಲ್ಲೂ ಇಎಂಎಂಸಿ, ಯುಎಫ್‌ಎಸ್ ಅಂತ ಎರಡು ಥರ. ಇಎಂಎಂಸಿ ನಿಧಾನ. ಹೊಸದರಲ್ಲಿ ಗೊತ್ತಾಗುವುದಿಲ್ಲ, ಅರ್ಧ ತುಂಬಿದ ಮೇಲೆ ಆ್ಯಪ್ ತೆರೆಯೋಕೆ ತಿಣುಕುವಾಗ ಗೊತ್ತಾಗುತ್ತದೆ. ಕೈಲಾದರೆ ಯುಎಫ್‌ಎಸ್ ಇರುವುದನ್ನೇ ಹುಡುಕಿ. 64ಜಿಬಿ ಈಗ ಸಾಲದು, ಸಿಸ್ಟಮ್ಮೇ ಒಂದು ಪಾಲು ನುಂಗಿಹಾಕುತ್ತದೆ.

ಮೆಮರಿ ಕಾರ್ಡ್ ಹಾಕುವ ಜಾಗ ಇದೆಯಾ ಅಂತಲೂ ನೋಡಿ. ಎ9 ಪ್ಲಸ್, ರೆಡ್ಮಿ ಪ್ಯಾಡ್ 2 ಎರಡರಲ್ಲೂ ಇದೆ, ಐಪ್ಯಾಡಿನಲ್ಲಿ ಇಲ್ಲ. ಐಪ್ಯಾಡಿನಲ್ಲಿ 128ರಿಂದ 256ಜಿಬಿಗೆ ಹೋಗೋಕೆ ಆ್ಯಪಲ್ ಕೇಳುವುದು 10 ಸಾವಿರ. ಮೆಮರಿ ಕಾರ್ಡಿನಲ್ಲಿ ಅಷ್ಟೇ ಜಾಗ ಅದರ ಎಷ್ಟೋ ಕಡಿಮೆ ದುಡ್ಡಿಗೆ ಆಗುತ್ತದೆ.

ಒಟಿಟಿ ನೋಡುವವರು ವೈಡ್‌ವೈನ್ ಎಲ್1 ಇದೆಯಾ ಅಂತ ಕೇಳಿ. ವಿಡಿಯೋ ನಕಲಾಗದ ಹಾಗೆ ಕಾಯುವ ವ್ಯವಸ್ಥೆ ವೈಡ್‌ವೈನ್, ಎಲ್1 ಅದರ ಮೇಲಿನ ಹಂತ, ಎಲ್3 ಕೆಳಗಿನದು. ಇದು ಆಂಡ್ರಾಯ್ಡಿನಲ್ಲಿ ಮಾತ್ರ ಬರುವ ತಲೆನೋವು. ಎಲ್3 ಇದ್ದರೆ ಪರದೆ ಎಷ್ಟೇ ಚೆನ್ನಾಗಿರಲಿ, ನೆಟ್‌ಫ್ಲಿಕ್ಸಿನಂಥ ಆ್ಯಪುಗಳು ಎಚ್‌ಡಿ ಕೊಡುವುದಿಲ್ಲ, ಮಸುಕು ಚಿತ್ರವೇ ಗತಿ. ಅಂಗಡಿಯಲ್ಲಿ ಇಟ್ಟಿರುವ ಡೆಮೊ ಟ್ಯಾಬಿನಲ್ಲಿ ಡಿಆರ್‌ಎಂ ಇನ್ಫೋ ಅನ್ನುವ ಪುಕ್ಕಟೆ ಆ್ಯಪ್ ಹಾಕಿದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ಸೇಲ್ಸ್ ಹುಡುಗ ಸ್ವಲ್ಪ ವಿಚಿತ್ರವಾಗಿ ನೋಡಬಹುದು, ನೋಡಲಿ ಬಿಡಿ.

ಸಿಮ್ ಬೇಕಾ? ಬಹಳ ಜನಕ್ಕೆ ಬೇಡ. ಐಪ್ಯಾಡಿನಲ್ಲಿ ಸೆಲ್ಯುಲಾರ್ ಮಾದರಿ 49,900, ವೈಫೈ ಮಾದರಿಗಿಂತ 15 ಸಾವಿರ ಜಾಸ್ತಿ. ಜೇಬಿನಲ್ಲಿರುವ ಫೋನಿನ ಹಾಟ್‌ಸ್ಪಾಟ್ ಪುಕ್ಕಟೆ ಇರುವಾಗ ಇನ್ನೊಂದು ಸಿಮ್ಮಿಗೆ ತಿಂಗಳ ರೀಚಾರ್ಜ್ ಯಾಕೆ? ಆದರೆ ಒಂದು ವಿಷಯ ನೆನಪಿರಲಿ, ವೈಫೈ ಐಪ್ಯಾಡಿನಲ್ಲಿ ಜಿಪಿಎಸ್ ಇರುವುದಿಲ್ಲ. ಕಾರಿನಲ್ಲಿ ಮ್ಯಾಪ್ ನೋಡೋಕೆ, ಸರ್ವೆ ಕೆಲಸಕ್ಕೆ ತಗೊಳ್ಳುವವರು ಇಲ್ಲಿ ಎಡವುತ್ತಾರೆ. ರೆಡ್ಮಿ ಪ್ಯಾಡ್ 2ರಲ್ಲಿ ಸಿಮ್ ಇರುವ 6ಜಿಬಿ ಮಾದರಿ 15,999ಕ್ಕೆ ಬಂದಿತ್ತು. ಹಳ್ಳಿಯಲ್ಲಿ ವೈಫೈ ಇಲ್ಲದ ಮನೆಗೆ, ಅಪ್ಪ-ಅಮ್ಮನಿಗೆ ಕೊಡಿಸುವುದಾದರೆ 2 ಸಾವಿರ ಜಾಸ್ತಿ ಕೊಟ್ಟು ಅದನ್ನೇ ಕೊಡಿಸಿ. ರ‍್ಯಾಮೂ ಜಾಸ್ತಿ ಸಿಗುತ್ತದೆ, ಅವರಿಗೆ ಹಾಟ್‌ಸ್ಪಾಟ್ ಆನ್ ಮಾಡುವ ರಗಳೆಯೂ ಇಲ್ಲ.

ಕೀಬೋರ್ಡ್ ವಿಷಯದಲ್ಲಿ ಮೂಗಿಗಿಂತ ಮೂಗುತಿ ಭಾರ. ಸಾದಾ ಐಪ್ಯಾಡಿಗೆ ಆ್ಯಪಲ್ ಮಾರುವ ಮ್ಯಾಜಿಕ್ ಕೀಬೋರ್ಡ್ ಫೋಲಿಯೊ 24,900 ರೂ. ಟ್ಯಾಬ್, ಪೆನ್ಸಿಲ್, ಕೀಬೋರ್ಡ್ ಮೂರೂ ಕೂಡಿಸಿದರೆ 67,700. ಆ ದುಡ್ಡಿಗೆ ಒಂದು ಒಳ್ಳೆಯ ಲ್ಯಾಪ್‌ಟಾಪ್ ಬಂದು ಇನ್ನೂ ಒಂದು ಅಗ್ಗದ ಟ್ಯಾಬಿಗೆ ಕಾಸು ಮಿಗಬಹುದು. ಅಪರೂಪಕ್ಕೆ ಟೈಪ್ ಮಾಡೋದಿದ್ದರೆ ಯಾವುದಾದರೂ ಸಾದಾ ಬ್ಲೂಟೂತ್ ಕೀಬೋರ್ಡ್ ಸಾಕು, ಐಪ್ಯಾಡಿಗೂ ನಡೆಯುತ್ತದೆ. ದಿನಾ ಎಕ್ಸೆಲ್, ಟ್ಯಾಲಿ ಕೆಲಸ ಇದ್ದರೆ ಟ್ಯಾಬ್ ಆಸೆಯನ್ನೇ ಬಿಡಿ.

20ರಿಂದ 30 ಸಾವಿರದ ನಡುವೆ ಏನಿದೆ ಅಂತ ಕೇಳಬಹುದು. ಗೇಮ್ ಆಡುವವರ ಜಾಗ ಅದು. ಶಿಯೋಮಿ ಪ್ಯಾಡ್ 7 ಬಂದಿದ್ದು 27,999ಕ್ಕೆ, 144 ಹರ್ಟ್ಸ್ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ) ಪರದೆ, ಸ್ನ್ಯಾಪ್‌ಡ್ರ್ಯಾಗನ್ 7 ಪ್ಲಸ್ ಜೆನ್ 3 ಚಿಪ್ಪು, ಆ ಬೆಲೆಗೆ ಅಷ್ಟು ವೇಗ ಸುಲಭಕ್ಕೆ ಸಿಗುವುದಿಲ್ಲ. ಪೆನ್ನಿಗೆ ಬೇರೆ ದುಡ್ಡು. 30 ಸಾವಿರ ದಾಟಲು ಸಿದ್ಧವಿದ್ದರೆ ಒನ್‌ಪ್ಲಸ್ ಪ್ಯಾಡ್ 2 ಇನ್ನೂ ವೇಗದ್ದು, 12.1 ಇಂಚು, 39,999ಕ್ಕೆ ಬಂದಿತ್ತು, 584 ಗ್ರಾಂ ತೂಕ. ಮಲಗಿಕೊಂಡು ಎತ್ತಿ ಹಿಡಿದು ನೋಡುವ ಅಭ್ಯಾಸ ಇದ್ದರೆ ಮೂಗಿನ ಮೇಲೆ ಬೀಳಿಸಿಕೊಳ್ಳಬೇಡಿ.

ಬೆಲೆ ಕಡಿಮೆ ಇದ್ದ ಮಾತ್ರಕ್ಕೆ ಲಾಭ ಅಲ್ಲ ಅನ್ನೋದಕ್ಕೆ ನಮ್ಮ ದೇಶದಲ್ಲೇ ದೊಡ್ಡ ಉದಾಹರಣೆ ಇದೆ. 2011ರ ಅಕ್ಟೋಬರಿನಲ್ಲಿ ದೆಹಲಿಯಲ್ಲಿ ಆಗಿನ ಕೇಂದ್ರ ಸಚಿವ ಕಪಿಲ್ ಸಿಬಲ್ ಅವರು ವಿದ್ಯಾರ್ಥಿಗಳಿಗೆ ಅಂತ ಆಕಾಶ್ ಟ್ಯಾಬ್ಲೆಟ್ ಬಿಡುಗಡೆ ಮಾಡಿದರು. ಡೇಟಾವಿಂಡ್ ಅನ್ನುವ ಕಂಪನಿ ಮಾಡಿದ್ದು, ಜಗತ್ತಿನಲ್ಲೇ ಅತಿ ಅಗ್ಗ ಅಂತ ಸುದ್ದಿಯೋ ಸುದ್ದಿ. 7 ಇಂಚು, 256 ಎಂಬಿ ರ‍್ಯಾಮ್, ಬೆರಳು ತಾಗಿಸಿದರೆ ಸಾಲದು, ಒತ್ತಬೇಕಾದ ಹಳೇ ಥರದ ಟಚ್. ಬಳಸಿದವರ ಉತ್ಸಾಹ ಬೇಗ ಇಳಿಯಿತು. ಇವತ್ತಿನ ಆರು ಸಾವಿರದ ಟ್ಯಾಬ್ ಅಷ್ಟು ಕೆಟ್ಟದಲ್ಲ, ಆದರೆ ಆ ಸಾಲಿನದೇ.

ಕೋಚಿಂಗ್ ಕೋರ್ಸಿನ ಜೊತೆ 'ಟ್ಯಾಬ್ ಉಚಿತ' ಅಂದರೆ ನಂಬಬೇಡಿ. ಟ್ಯಾಬಿನ ಬೆಲೆ ಫೀಸಿನಲ್ಲೇ ಇರುತ್ತದೆ. ಎಷ್ಟೋ ಸಲ ಅದರಲ್ಲಿ ಅವರ ಆ್ಯಪ್ ಬಿಟ್ಟು ಬೇರೇನೂ ನಡೆಯದ ಹಾಗೆ ಬೀಗ ಹಾಕಿರುತ್ತಾರೆ, ಕೋರ್ಸ್ ಮುಗಿದ ಮೇಲೆ ಷೋಕೇಸಿಗೆ ಇಡಬೇಕು ಅಷ್ಟೇ.

ಕೊಳ್ಳುವ ಸಮಯ? ತುರ್ತಿಲ್ಲದಿದ್ದರೆ ದಸರಾ-ದೀಪಾವಳಿ ಸೇಲ್, ಇಲ್ಲಾಂದ್ರೆ ಜನವರಿಯ ಗಣರಾಜ್ಯೋತ್ಸವದ ಸೇಲ್ ತನಕ ಕಾಯಿರಿ. ಬ್ಯಾಂಕ್ ಕಾರ್ಡಿನ ರಿಯಾಯಿತಿ ಸೇರಿದರೆ ಕೆಲವು ಸಾವಿರ ಉಳಿಯುತ್ತದೆ. ಅಂಗಡಿಯಲ್ಲೂ ಆನ್‌ಲೈನ್ ಬೆಲೆ ತೋರಿಸಿ ಚೌಕಾಸಿ ಮಾಡಿ, ಸಂಕೋಚ ಬೇಡ. ಬೆಲೆ ಇಳಿಸದಿದ್ದರೂ ಕವರ್, ಗ್ಲಾಸ್ ಹಾಕಿ ಕೊಡುತ್ತಾರೆ. ಕಾಲೇಜು ವಿದ್ಯಾರ್ಥಿಗಳಿಗೆ ಆ್ಯಪಲ್ ರಿಯಾಯಿತಿ ಕೊಡುತ್ತದೆ, ಕೇಳಿ ನೋಡಿ. 2025ರ ಸೆಪ್ಟೆಂಬರಿನಿಂದ ಬೆಂಗಳೂರಿನ ಹೆಬ್ಬಾಳದ ಹತ್ತಿರ, ಮಾಲ್ ಆಫ್ ಏಷ್ಯಾದಲ್ಲಿ ಆ್ಯಪಲ್ಲಿನ ಸ್ವಂತ ಅಂಗಡಿಯೇ ಇದೆ, ಪೆನ್ಸಿಲ್ ಹಿಡಿದು ಬರೆದು ನೋಡಿ ಆಮೇಲೆ ತೀರ್ಮಾನ ಮಾಡಬಹುದು.

'ನೋ ಕಾಸ್ಟ್ ಇಎಂಐ' ಅನ್ನುವುದು ಪೂರ್ತಿ ನೋ ಕಾಸ್ಟ್ ಅಲ್ಲ. ಬಡ್ಡಿಯಷ್ಟು ರಿಯಾಯಿತಿ ಮೊದಲೇ ಕೊಡುತ್ತಾರೆ ನಿಜ, ಆದರೆ ಬ್ಯಾಂಕು ಬಡ್ಡಿ ಹಾಕಿ ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ ವಸೂಲಿ ಮಾಡುತ್ತದೆ. ಬಡ್ಡಿ 1,500 ಆದರೆ ಜಿಎಸ್‌ಟಿ 270. ಪ್ರೊಸೆಸಿಂಗ್ ಫೀ ಬೇರೆ. ದೊಡ್ಡ ಮೊತ್ತ ಅಲ್ಲ, ಆದರೂ ಗೊತ್ತಿರಲಿ. ಅಂಗಡಿ-ವ್ಯಾಪಾರ ಇದ್ದು ಜಿಎಸ್‌ಟಿ ನಂಬರ್ ಇರುವವರು ಆ ನಂಬರ್ ಹಾಕಿಸಿ ಬಿಲ್ ತಗೊಳ್ಳಿ. 34,900ರಲ್ಲಿ ಸುಮಾರು 5,300 ಜಿಎಸ್‌ಟಿಯೇ. ವ್ಯಾಪಾರಕ್ಕೇ ಬಳಸುವುದಾದರೆ ಅದನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಬಹುದು, ನಿಮ್ಮ ಆಡಿಟರನ್ನು ಕೇಳಿ. 'ಬಿಲ್ ಬೇಡ ಅಂದ್ರೆ ಕಡಿಮೆ ಮಾಡ್ತೀನಿ' ಅನ್ನುವವರ ಹತ್ತಿರ ತಗೊಂಡರೆ ವಾರಂಟಿ ಕೇಳುವ ದಿನ ಕೈಯಲ್ಲಿ ಏನೂ ಇರುವುದಿಲ್ಲ.

ಒಡೆದಾಗಿನ ಖರ್ಚೂ ಬೆಲೆಯ ಭಾಗವೇ. ಸಾದಾ ಐಪ್ಯಾಡಿನಲ್ಲಿ ಮೇಲಿನ ಗಾಜು, ಒಳಗಿನ ಡಿಸ್‌ಪ್ಲೇ ಬೇರೆ ಬೇರೆ, ಮಧ್ಯೆ ಸಣ್ಣ ಸಂದು ಇರುತ್ತದೆ. ಪೆನ್ಸಿಲ್ಲಿನ ತುದಿ ಒಂದು ಚೂರು ಮೇಲೆ ತೇಲಿದ ಹಾಗೆ ಕಾಣುವುದು ಅದರಿಂದಲೇ. ಆದರೆ ಗಾಜು ಮಾತ್ರ ಒಡೆದರೆ ಬೆಂಗಳೂರಿನ ಎಸ್‌ಪಿ ರೋಡಿನಂಥ ಕಡೆ ಗಾಜೊಂದನ್ನೇ ಬದಲಾಯಿಸಿ ಕೊಡುತ್ತಾರೆ. ಐಪ್ಯಾಡ್ ಏರ್, ಪ್ರೋಗಳಲ್ಲಿ ಎರಡೂ ಅಂಟಿಕೊಂಡಿರುತ್ತವೆ, ಒಡೆದರೆ ಪೂರ್ತಿ ಕಾಂಬೊ ಹಾಕಿಸಬೇಕು, ಬಿಲ್ ನೋಡಿ ತಲೆ ತಿರುಗುತ್ತದೆ. ಬೆಂಗಳೂರಿನಿಂದ ದೂರ ಇರುವವರು ಬ್ರ್ಯಾಂಡ್ ಆರಿಸುವ ಮುಂಚೆ ನಿಮ್ಮ ಜಿಲ್ಲಾ ಕೇಂದ್ರದಲ್ಲಿ ಅದರ ಸರ್ವೀಸ್ ಸೆಂಟರ್ ಇದೆಯಾ, ಅಲ್ಲಿ ಫೋನ್ ಮಾತ್ರನಾ ಟ್ಯಾಬೂ ತಗೊಳ್ಳುತ್ತಾರಾ ಅಂತ ಫೋನ್ ಮಾಡಿ ಕೇಳಿಕೊಳ್ಳಿ.

ಸೆಕೆಂಡ್ ಹ್ಯಾಂಡ್ ಬಗ್ಗೆ. ಬಜೆಟ್ ಕಡಿಮೆ, ಐಪ್ಯಾಡೇ ಬೇಕು ಅನ್ನುವವರಿಗೆ 2021ರಲ್ಲಿ ಬಂದ ಒಂಬತ್ತನೇ ತಲೆಮಾರಿನದು ಈಗಲೂ ಪರವಾಗಿಲ್ಲ, ಐಪ್ಯಾಡ್‌ಓಎಸ್ 26 ನಡೆಯುತ್ತದೆ, ಹೆಡ್‌ಫೋನ್ ಜಾಕೂ ಇದೆ. ಅದಕ್ಕಿಂತ ಹಳೇದು ಬೇಡ. ಬ್ಯಾಟರಿ ಎಷ್ಟು ಸವೆದಿದೆ ಅಂತ ಅದರ ಸೆಟ್ಟಿಂಗ್ಸಿನಲ್ಲಿ ತೋರಿಸುವುದಿಲ್ಲ, ಹಾಗಾಗಿ ಅರ್ಧ ಗಂಟೆ ವಿಡಿಯೋ ಹಾಕಿ ಚಾರ್ಜ್ ಎಷ್ಟು ಇಳಿಯಿತು ಅಂತ ನೋಡಿ. ಬೆಂಗಳೂರಿನಲ್ಲಿ ಕಂಪನಿಗಳು ಕೆಲಸಗಾರರಿಗೆ ಕೊಟ್ಟ ಐಪ್ಯಾಡುಗಳೂ ಕೈ ಬದಲಾಯಿಸಿಕೊಂಡು ಬರುತ್ತವೆ. ಅಂಥವು ಮೇಲ್ನೋಟಕ್ಕೆ ಸರಿಯಾಗೇ ಇರುತ್ತವೆ, ಆದರೆ ಒಳಗೆ ಕಂಪನಿಯ ಹಿಡಿತ (ರಿಮೋಟ್ ಮ್ಯಾನೇಜ್‌ಮೆಂಟ್) ಹಾಗೇ ಉಳಿದಿರಬಹುದು. ಅದಕ್ಕೆ ಮಾರುವವರ ಎದುರೇ ಪೂರ್ತಿ ರೀಸೆಟ್ ಮಾಡಿಸಿ, ವೈಫೈಗೆ ಜೋಡಿಸಿ, ಮೊದಲಿಂದ ಸೆಟಪ್ ಮಾಡಿ. ಹಳೇ ಮಾಲೀಕರ ಆ್ಯಪಲ್ ಐಡಿ ಕೇಳಿದರೆ, ಅಥವಾ ರಿಮೋಟ್ ಮ್ಯಾನೇಜ್‌ಮೆಂಟ್ ಅನ್ನುವ ಪುಟ ಬಂದರೆ, ಎಷ್ಟೇ ಕಡಿಮೆಗೆ ಕೊಡುತ್ತೇನೆ ಅಂದರೂ ದುಡ್ಡು ಬಿಚ್ಚಬೇಡಿ.